ಸ್ಪಾಂಜ್ ಇಟ್ಟು ಸ್ಟ್ರಾ ಕೊಡಿಸಿದರೂ 12ರಲ್ಲಿ 4 ಮೇಕೆ ಮಾತ್ರ ಗಬ್ಬ: ತಪ್ಪಿದ್ದು ಎಲ್ಲಿ?

ಪ್ರಶ್ನೆ — ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಹುಳು ತಿಂದು ಉಳಿದ ಹಿಪ್ಪುನೇರಳೆ ಸೊಪ್ಪು ತಿಪ್ಪೆಗೆ ಹೋಗಬಾರದೆಂದು ಸಾಕತೊಡಗಿದ ಮೇಕೆಗಳು ಈಗ 13 ಆಗಿವೆ. ಹೋತ ಸಾಕುವ ಖರ್ಚೂ ಅದರ ನಾತವೂ ಬೇಡವೆಂದು ಈ ಸಲ 12 ಮೇಕೆಗಳಿಗೆ ಖಾಸಗಿಯವರಿಂದ ಕೃತಕ ಗರ್ಭಧಾರಣೆ ಮಾಡಿಸಿದೆ. ಅವರು 11 ದಿನ ಯೋನಿಯೊಳಗೆ ಸ್ಪಾಂಜ್ ಇಟ್ಟು, ತೆಗೆದ ದಿನ ಪಿಎಂಎಸ್‌ಜಿ ಎಂಬ ಚುಚ್ಚುಮದ್ದು ಕೊಟ್ಟು, ಮರುದಿನ ಬೆಳಗ್ಗೆಯೇ ಎಲ್ಲಕ್ಕೂ ಒಟ್ಟಿಗೆ ಸ್ಟ್ರಾ (ಹೆಪ್ಪುಗಟ್ಟಿಸಿದ ವೀರ್ಯದ ಸಣ್ಣ ಕೊಳವೆ) ಹಾಕಿ ಹೋದರು. 45ನೇ ದಿನ ಸ್ಕ್ಯಾನ್ ಮಾಡಿಸಿದರೆ ನಾಲ್ಕು ಮಾತ್ರ ಗಬ್ಬವಾಗಿದ್ದವು. ಐದು ಮೇಕೆಗಳು 19ರಿಂದ 21ನೇ ದಿನದೊಳಗೆ, ಎರಡು ಮೇಕೆಗಳು 40ನೇ ದಿನದ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬಂದಿದ್ದವು. ಉಳಿದ ಒಂದು ಬೆದೆಗೂ ಬಂದಿಲ್ಲ, ಅದರ ಗರ್ಭದಲ್ಲಿ ಮರಿಯೂ ಇಲ್ಲ, ಬರೀ ನೀರು ತುಂಬಿದೆ ಎಂದರು. 13ನೆಯದು ಕೊಂಬಿಲ್ಲದ ಪಡ್ಡೆ. ಒಂದೂವರೆ ವರ್ಷವಾದರೂ ಒಮ್ಮೆಯೂ ಬೆದೆಗೆ ಬಾರದ ಕಾರಣ ಅದನ್ನು ಬಿಟ್ಟಿದ್ದೆ. ಚೀಟಿಯಲ್ಲಿ ಸಿಂಕ್ರೊನೈಸೇಷನ್, ರಿಪೀಟ್, ಹೈಡ್ರೊಮೆಟ್ರಾ ಎಂದು ಬರೆದಿದ್ದಾರೆ. ಇವುಗಳ ಅರ್ಥವೇನು, ದೋಷ ಮೇಕೆಗಳದ್ದೋ ಕೆಲಸದ್ದೋ ಎಂಬುದನ್ನು ತಿಳಿದವರು ಹೇಳಬೇಕು.

ಉತ್ತರ — ನಿವೃತ್ತ ಪಶುವೈದ್ಯ, ಮಧುಗಿರಿ

ನೀವು ದಿನಗಳನ್ನು ಗುರುತಿಟ್ಟುಕೊಂಡಿರುವುದರಿಂದ ನನ್ನ ಕೆಲಸ ಹಗುರವಾಯಿತು. ಮೇಕೆ ನಿಲ್ಲಲಿಲ್ಲ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟನೇ ದಿನ ಮರಳಿ ಬೆದೆಗೆ ಬಂತು ಎಂಬುದರಲ್ಲಿಯೇ ಅರ್ಧ ಕಾರಣ ಇರುತ್ತದೆ.

ಸಿಂಕ್ರೊನೈಸೇಷನ್ ಎಂದರೆ ಹಲವು ಮೇಕೆಗಳನ್ನು ಒಂದೇ ಹೊತ್ತಿಗೆ ಬೆದೆಗೆ ತರುವುದು. ಸ್ಪಾಂಜಿನಲ್ಲಿ ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಹಾರ್ಮೋನು ಇರುತ್ತದೆ. ಅದು ಒಳಗಿರುವಷ್ಟು ದಿನ ಮೇಕೆಯ ದೇಹ ಗಬ್ಬವಿದ್ದಂತೆಯೇ ನಡೆದುಕೊಂಡು ಬೆದೆಯನ್ನು ತಡೆದಿಡುತ್ತದೆ, ತೆಗೆದೊಡನೆ ಆ ತಡೆ ಹೋಗುತ್ತದೆ. ಪಿಎಂಎಸ್‌ಜಿ ಗಬ್ಬದ ಕುದುರೆಯ ರಕ್ತದಿಂದ ತಯಾರಿಸಿದ ಹಾರ್ಮೋನು. ಅದು ಅಂಡಗಳನ್ನು ಬಲಿಸುತ್ತದೆ. ಆದರೆ ಸ್ಪಾಂಜ್ ತೆಗೆದ ಮೇಲೆ ಬೆದೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 24ರಿಂದ 48 ಗಂಟೆ ಬೇಕು, ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಭಾಗದಲ್ಲಿ. ಹೆಪ್ಪುಗಟ್ಟಿಸಿದ ವೀರ್ಯಕ್ಕೆ ಹೋತದ ತಾಜಾ ವೀರ್ಯದಷ್ಟು ಆಯುಷ್ಯವಿಲ್ಲ. ಮರುದಿನ ಬೆಳಗ್ಗೆಯೇ ಹಾಕಿದರೆ ಅಂಡ ಬರುವ ಮೊದಲೇ ಅದು ಸತ್ತಿರುತ್ತದೆ. 19–21 ದಿನಕ್ಕೆ ಬೆದೆ ಮರಳಿದ್ದು, ಅಂದರೆ ಚೀಟಿಯ ರಿಪೀಟ್, ಇದನ್ನೇ ಹೇಳುತ್ತದೆ: ಆ ಐದೂ ಆರೋಗ್ಯವಾಗಿವೆ, ಅವುಗಳ ಬೆದೆಚಕ್ರ ಸರಿಯಾಗಿದೆ, ಸ್ಟ್ರಾ ಕೊಟ್ಟ ಹೊತ್ತು ತಪ್ಪಿದೆ.

ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೊಡಿಸುವುದು ರೂಢಿ. ಅದಕ್ಕಿಂತ ನಂಬಬಹುದಾದದ್ದು ಲೋಳೆ. ಬೆದೆಯ ಆರಂಭದಲ್ಲಿ ಅದು ನೀರಿನಂತೆ ತಿಳಿಯಾಗಿ ಇಳಿಯುತ್ತದೆ, ನಡುವೆ ಗಂಜಿಯ ತಿಳಿಯಂತೆ ಮಬ್ಬಾಗುತ್ತದೆ, ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಬೆಳ್ಳಗೆ ಬಾಲಕ್ಕೆ ಅಂಟಿಕೊಂಡಿರುತ್ತದೆ. ಮಬ್ಬಾದ ಹೊತ್ತೇ ಸರಿಯಾದ ಹೊತ್ತು. ಸ್ಟ್ರಾವನ್ನು ಹೇಗೆ ಕರಗಿಸಿದರು ಎಂಬುದನ್ನೂ ನೆನಪಿಸಿಕೊಳ್ಳಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದದ್ದನ್ನು 37 ಡಿಗ್ರಿಯ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಇಡಬೇಕು.

40 ದಿನದವು ಎರಡು ಬಗೆಯಾಗಿರಬಹುದು: ನಡುವಿನ ಒಂದು ಬೆದೆ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಇಲ್ಲವೇ ನಿಂತ ಗಬ್ಬ ಮೊದಲ ವಾರಗಳಲ್ಲೇ ಕರಗಿದೆ. ಹೈಡ್ರೊಮೆಟ್ರಾ ಎಂದರೆ ಸುಳ್ಳು ಗಬ್ಬ. ಮರಿಯಿಲ್ಲದಿದ್ದರೂ ಗರ್ಭಕೋಶದಲ್ಲಿ ನೀರು ಕೂಡುತ್ತದೆ, ಹೊಟ್ಟೆಯೂ ಬರಬಹುದು. ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದಿನಿಂದ ಇದು ಇಳಿಯುತ್ತದೆ, ಆದರೆ ಅದನ್ನು ಪಶುವೈದ್ಯರೇ ಕೊಡಬೇಕು. ಅದೇ ಮದ್ದು ಗಬ್ಬದ ನಾಲ್ಕರಲ್ಲಿ ಒಂದಕ್ಕೆ ಬಿದ್ದರೂ ಅದು ಕಂದು ಹಾಕುತ್ತದೆ. ಚರ್ಮದ ಮೂಲಕವೂ ಒಳಸೇರುವುದರಿಂದ ಮನೆಯ ಗರ್ಭಿಣಿಯರು ಆ ಸೀಸೆಯನ್ನು ಮುಟ್ಟದಿರಲಿ.

ಕೊಂಬಿಲ್ಲದ ಪಡ್ಡೆಯ ಬಗ್ಗೆ ಒಂದು ಪ್ರಶ್ನೆ: ಅದರ ತಾಯಿಗೂ ಅದನ್ನು ಹುಟ್ಟಿಸಿದ ಹೋತಕ್ಕೂ ಕೊಂಬಿತ್ತೇ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ಇರಲಿಲ್ಲ ಸರ್. ಕೊಂಬಿಲ್ಲದ ಮೇಕೆ ಹಾಯುವುದಿಲ್ಲವೆಂದು ನಾನೇ ಆರಿಸಿ ತಂದಿದ್ದೆ. ನೀವು ಕೇಳಿದ ಮೇಲೆ ಬಾಲ ಎತ್ತಿ ನೋಡಿದೆ. ಯೋನಿದ್ವಾರ ಬಹಳ ಚಿಕ್ಕದಾಗಿದೆ, ಅದರ ಕೆಳತುದಿಯಲ್ಲಿ ಹುರುಳಿಕಾಳಿನಷ್ಟು ಗಂಟು ಹೊರಗೆ ಕಾಣುತ್ತದೆ. ಕುತ್ತಿಗೆ ದಪ್ಪವಾಗಿದೆ, ಬೆದೆಗೆ ಬಂದ ಮೇಕೆಗಳ ಮೇಲೆ ಇದೇ ಹತ್ತಲು ಹೋಗುತ್ತದೆ. ಸ್ಟ್ರಾ ಕರಗಿಸಲು ನೀರು ಬಳಸಲಿಲ್ಲ. ಅಂಗೈಯಲ್ಲಿ ಉಜ್ಜಿ ಹಾಕಿದ್ದನ್ನು ನೋಡಿದ್ದೇನೆ.

ಉತ್ತರ — ನಿವೃತ್ತ ಪಶುವೈದ್ಯ, ಮಧುಗಿರಿ

ಹಾಗಾದರೆ ಅದಕ್ಕೆ ಮದ್ದಿಲ್ಲ. ಮೇಕೆಗಳಲ್ಲಿ ಕೊಂಬಿಲ್ಲದ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದ ಹೆಣ್ಣುಮರಿ ಅತ್ತ ಹೆಣ್ಣೂ ಅಲ್ಲದ ಇತ್ತ ಗಂಡೂ ಅಲ್ಲದ ಗೊಡ್ಡಾಗಿ ಬೆಳೆಯುತ್ತದೆ. ಒಬ್ಬರಿಂದ ಮಾತ್ರ ಬಂದರೆ ತೊಂದರೆಯಿಲ್ಲ. ಆ ಗುಣವನ್ನು ಒಂದೊಂದು ಪಾಲು ಹೊತ್ತ ಕೊಂಬಿಲ್ಲದ ಜೋಡಿಯನ್ನು ಕೂಡಿಸಿದರೆ ಹೆಣ್ಣುಮರಿಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಹೀಗಾಗುತ್ತದೆ. ಪಡ್ಡೆಯನ್ನು ಮಾಂಸಕ್ಕೆ ಮಾರಿಬಿಡಿ. ಕೊಂಬಿಲ್ಲದ ಮೇಕೆಗೆ ಯಾವಾಗಲೂ ಕೊಂಬಿರುವ ಹೋತವನ್ನೇ ಬಿಡಿ. ಅಂಗೈಯಲ್ಲಿ ಕರಗಿಸಿದವರನ್ನು ಮತ್ತೆ ಕರೆಯಬೇಡಿ.

ಉತ್ತರ — ಮೇಕೆ ಸಾಕುವ ಗೃಹಿಣಿ, ಶಿರಾ

ಅಣ್ಣ, ಡಾಕ್ಟರು ಹೇಳಿದ್ದರ ಜೊತೆಗೆ ಎರಡು ಮಾತು. ಹೋತವಿಲ್ಲದ ಕೊಟ್ಟಿಗೆಯಲ್ಲಿ ಬೆದೆ ಗುರುತಿಸುವುದು ಕಷ್ಟ. ನಾನು ಪಕ್ಕದ ಊರಿನ ಹೋತದ ಕೊಂಬಿನ ಹಿಂಬದಿಯನ್ನು ಹಳೆಯ ಬಟ್ಟೆಯಿಂದ ಚೆನ್ನಾಗಿ ಉಜ್ಜಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಸಂಜೆ ಮುಚ್ಚಳ ತೆಗೆದು ಮೂಗಿಗೆ ಹಿಡಿದರೆ, ಬೆದೆಗೆ ಬಂದ ಮೇಕೆ ಬಾಲ ಅಲ್ಲಾಡಿಸುತ್ತಾ ಡಬ್ಬಿಯನ್ನು ಬಿಡದೆ ಹಿಂಬಾಲಿಸುತ್ತದೆ.

ಇನ್ನೊಂದು ನನ್ನದೇ ಪೆದ್ದುತನ. ಬಹಳ ದಿನ ಹೋತದ ಮುಖ ಕಾಣದ ಮೇಕೆಗಳ ನಡುವೆ ಹೊಸ ಹೋತ ಬಿಟ್ಟಾಗ ವಾರದೊಳಗೆ ಬೆದೆಗೆ ಬಂದವು, ಆರೇ ದಿನಕ್ಕೆ ಮತ್ತೆ ಬಂದವು. ಹೋತಕ್ಕೆ ಬೀಜವಿಲ್ಲವೆಂದು ಸಂತೆಗೆ ಹೊಡೆದೆ. ಹೀಗೆ ಎಬ್ಬಿಸಿದ ಮೊದಲ ಬೆದೆ ಗಟ್ಟಿಯಿರುವುದಿಲ್ಲ, ಎರಡನೆಯದರಲ್ಲೇ ಗಬ್ಬ ನಿಲ್ಲುವುದು ಎಂದು ಆಮೇಲೆ ತಿಳಿಯಿತು. ಐದಾರು ದಿನಕ್ಕೆ ಮರಳುವ ಬೆದೆಗೆ ಹೆದರಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸುಳ್ಳು ಗಬ್ಬದ ಮೇಕೆಗೆ ನಮ್ಮೂರ ಪಶುವೈದ್ಯರು ಚುಚ್ಚುಮದ್ದು ಕೊಟ್ಟರು. ಎರಡು ದಿನಕ್ಕೆ ಅದರ ಹಿಂಭಾಗವೆಲ್ಲ ತೊಯ್ದು, ನಿಂತ ನೆಲವೂ ಒದ್ದೆಯಾಗಿತ್ತು. ಡಬ್ಬಿಯ ಬಟ್ಟೆಯಿಂದ ನಿನ್ನೆ ಸಂಜೆ ಮೂರು ಮೇಕೆಗಳು ಸಿಕ್ಕವು. ಇಂದು ಬೆಳಗ್ಗೆ ಲೋಳೆ ಮಬ್ಬಾಗಿದ್ದುದನ್ನು ನೋಡಿಯೇ, ಬೇರೆಯವರಿಂದ, ನೀರಿನಲ್ಲಿ ಕರಗಿಸಿ ಸ್ಟ್ರಾ ಕೊಡಿಸಿದ್ದೇನೆ. 19ನೇ ದಿನದಿಂದ ಡಬ್ಬಿ ಹಿಡಿದು ಕಾಯುತ್ತೇನೆ, 45ನೇ ದಿನದ ಸ್ಕ್ಯಾನ್ ಆದ ಮೇಲೆ ಇಲ್ಲಿಯೇ ಬರೆಯುತ್ತೇನೆ.