ಐಎನ್‌ಎಸ್ ಮೈಸೂರಿನಿಂದ ಬಂದ 43 ಕಾಗದ: ಸಂಗ್ರಹ ಶುರು ಮಾಡಲಾ? ಅನುಭವ ಇದ್ದವರು ಹೇಳಿ

ನಿಟ್ಟುವಳ್ಳಿ ತಮ್ಮ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ದೊಡ್ಡಜ್ಜ 1960ರ ಆಸುಪಾಸಿನಲ್ಲಿ ಐಎನ್‌ಎಸ್ ಮೈಸೂರು ಹಡಗಿನಲ್ಲಿದ್ದರು. ಅವರು ತಮ್ಮನಿಗೆ, ಅಂದರೆ ನಮ್ಮ ಅಜ್ಜನಿಗೆ ಬರೆದ 43 ಕಾಗದ ಕವರ್ ಸಮೇತ ಟ್ರಂಕಿನಲ್ಲಿ ಸಿಕ್ಕಿವೆ. ಕಳಿಸಿದವರ ವಿಳಾಸದಲ್ಲಿ ಹಡಗಿನ ಹೆಸರು, ಕೆಳಗೆ ಫ್ಲೀಟ್ ಮೇಲ್ ಆಫೀಸ್ (ನೌಕಾಪಡೆಯ ಹಡಗುಗಳ ಅಂಚೆ ಕಚೇರಿ), ಬಾಂಬೆ ಅಂತಿದೆ. ಕೆಲವಕ್ಕೆ ಕಂದು ಕಲೆ ಬಂದಿದೆ. ಇದರಿಂದಲೇ ಹಡಗಿನ ಕವರ್ ಸಂಗ್ರಹ ಶುರು ಮಾಡೋಣ ಅಂತ ಆಸೆ. ಒಬ್ಬರು ಅಮೆರಿಕದ ಯುದ್ಧನೌಕೆಗಳ 1930ರ ದಶಕದ ಹತ್ತು ಕವರ್‌ಗೆ 9,000 ಕೇಳುತ್ತಿದ್ದಾರೆ. ಕೊಳ್ಳಲಾ? ತಿಂಗಳಿಗೆ ಎರಡು ಸಾವಿರಕ್ಕಿಂತ ಜಾಸ್ತಿ ನನ್ನ ಕೈಲಿ ಆಗುವುದಿಲ್ಲ.

ಮಂಡಿಪೇಟೆ ಅಣ್ಣ:
ಅಮೆರಿಕದ ಕವರ್ ಅಂದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಏಳು ವರ್ಷದ ಹಿಂದೆ ಆನ್‌ಲೈನ್ ಹರಾಜಿನಲ್ಲಿ ಯುಎಸ್‌ಎಸ್ ಅರಿಜೋನಾ ಕವರ್ ಕಂಡಿತು. ಪರ್ಲ್ ಹಾರ್ಬರಿನಲ್ಲಿ 1941ರ ಡಿಸೆಂಬರ್ 7ರಂದು ಮುಳುಗಿದ ಅದೇ ಹಡಗು. ಹಡಗಿನ ಅಂಚೆ ಠಸ್ಸೆಯಲ್ಲಿ 1937 ಅಂತ ಅಚ್ಚುಕಟ್ಟಾಗಿ ಬಿದ್ದಿತ್ತು. ರಾತ್ರಿ ಎರಡೂವರೆಗೆ ಎದ್ದು ಕೂತು ಕೂಗಿದೆ. 14,500ಕ್ಕೆ ನನಗೆ ನಿಂತಿತು. ಕಳಿಸುವ ಖರ್ಚು 1,150. ವಿದೇಶಿ ವಹಿವಾಟು ಅಂತ ಕಾರ್ಡಿನಲ್ಲಿ 508 ಮುರಿದುಕೊಂಡರು. ಮೇಲೆ ಸುಂಕ. ಎಲ್ಲ ಸೇರಿ 19 ಸಾವಿರ ದಾಟಿತು. ಆ ತಿಂಗಳು ಅಂಗಡಿ ಬಾಡಿಗೆ ಹನ್ನೆರಡು ದಿನ ತಡವಾಗಿ ಕಟ್ಟಿದೆ.

ಬಂದ ಮೇಲೆ ಹದಿನೈದು ದಿನ ಸಿಕ್ಕಸಿಕ್ಕವರಿಗೆ ತೋರಿಸಿದೆ. ಆಮೇಲೆ ಒಂದು ಸಂಜೆ ಭೂತಗನ್ನಡಿ ಹಿಡಿದು ಕೂತೆ. ಠಸ್ಸೆ ಚೆನ್ನಾಗಿಯೇ ಇತ್ತು. ಕಣ್ಣಿಗೆ ಬಿದ್ದದ್ದು ಸ್ಟಾಂಪು. ನೇರಳೆ ಬಣ್ಣದ 3 ಸೆಂಟಿನ ಜೆಫರ್ಸನ್. ಅಮೆರಿಕದ ಅಧ್ಯಕ್ಷರ ಚಿತ್ರವಿರುವ ಆ ಸ್ಟಾಂಪು ಸರಣಿ ಬಂದದ್ದೇ 1938ರಲ್ಲಿ! ಹುಟ್ಟದೇ ಇರುವ ಸ್ಟಾಂಪಿನ ಮೇಲೆ 1937ರ ಠಸ್ಸೆ ಹೇಗೆ ಬೀಳುತ್ತದೆ? ಅಂಗೈ ಬೆವರಿತು. ಮಾರಿದವನಿಗೆ ಹನ್ನೊಂದು ಮೇಲ್ ಹಾಕಿದೆ. ಎರಡಕ್ಕೆ ಉತ್ತರ ಬಂತು, ದುಡ್ಡು ಬರಲಿಲ್ಲ. ಕವರ್ ಇನ್ನೂ ನನ್ನ ಬೀರುವಿನಲ್ಲಿದೆ.

ತಮ್ಮಾ, ಅಮೆರಿಕದ ಕಡೆ ತಲೆ ಹಾಕಬೇಡ.

ಹರಿಹರ ಹೊಳೆದಂಡೆ:
ದುಡ್ಡು ಕೊಟ್ಟು ಕೊಳ್ಳುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಆರು ವರ್ಷದಿಂದ ನಾನು ಒಂದು ಕವರೂ ಕೊಂಡಿಲ್ಲ. ಹಡಗಿಗೇ ನೇರ ಬರೆಯುತ್ತೇನೆ. ಒಳಗೆ ನನ್ನ ವಿಳಾಸದ ಕವರ್, ಸ್ಟಾಂಪು ಹಚ್ಚಿ, ಮಡಚದೆ, ಹಿಂದೆ ರಟ್ಟು ಕೊಟ್ಟು ಇಡುತ್ತೇನೆ. ಅಮೆರಿಕದ ಹಡಗುಗಳಿಗೆ 22 ಕಳಿಸಿದೆ, ಬಂದದ್ದು 5. ಅವರ ಸ್ಟಾಂಪಿಗೆ ಟೆಕ್ಸಾಸಿನಲ್ಲಿರುವ ನಮ್ಮ ಭಾವನನ್ನು ಕಾಡಿದ್ದೇನೆ. ನಮ್ಮ ನೌಕಾಪಡೆಯ ಹಡಗುಗಳಿಗೆ 39 ಕಳಿಸಿದೆ, 14 ಬಂದವು. ಒಂದು ಬಂದದ್ದು ಏಳು ತಿಂಗಳ ಮೇಲೆ. ಮೂಲೆಯಲ್ಲಿ ಹಡಗಿನ ದುಂಡು ಮುದ್ರೆ ನೀಲಿ ಶಾಯಿಯಲ್ಲಿ, ಜೊತೆಗೆ ‘ಶುಭಾಶಯ’ ಅಂತ ಯಾರೋ ಕನ್ನಡದಲ್ಲಿ ಬರೆದಿದ್ದರು. ಯಾರೋ ನಮ್ಮವರೇ ಇರಬೇಕು. ಅವತ್ತು ಊಟ ಸೇರಲಿಲ್ಲ, ಅಷ್ಟು ಖುಷಿ. ನೋಟ್‌ಬುಕ್ಕಿನಲ್ಲಿ ಲೆಕ್ಕ ಇದೆ: ಇಲ್ಲಿಯವರೆಗೆ ಖರ್ಚು 11,340. ಅಣ್ಣನ ಒಂದು ಖೋಟಾ ಕವರಿಗಿಂತ ಕಮ್ಮಿ.

ಮಂಡಿಪೇಟೆ ಅಣ್ಣ:
ಲೆಕ್ಕ ನನಗೂ ಬರುತ್ತದೆ. ಆದರೆ ನಿಮ್ಮ ಕವರ್‌ಗಳ ಒಳಗೆ ಏನಿದೆ? ಖಾಲಿ. ಸಂಗ್ರಹಕ್ಕೆ ಅಂತಲೇ ಮಾಡಿಸಿದ್ದು. 1930ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಆಯಿತು. 1932ರಲ್ಲಿ ಹಡಗಿನ ಠಸ್ಸೆ ಸಂಗ್ರಹಿಸುವವರದೇ ಸೊಸೈಟಿ ಹುಟ್ಟಿತು. ಸಾವಿರಾರು ಜನ ತಮ್ಮ ವಿಳಾಸ ಬರೆದು ಹಡಗಿಗೆ ಕಳಿಸಿದರು, ಹಡಗಿನ ಅಂಚೆ ಗುಮಾಸ್ತ ಠಸ್ಸೆ ಹೊಡೆದು ವಾಪಸು ಹಾಕಿದ. ಅದಕ್ಕೇ ಅವು ಇವತ್ತು ರಾಶಿ ರಾಶಿ ಸಿಗುತ್ತವೆ.

ಕಾಗದ ಅಂದರೆ ಯುದ್ಧಕಾಲದ್ದು. 1942ರ ಏಪ್ರಿಲ್‌ನಿಂದ ನಾವಿಕರಿಗೆ ಸ್ಟಾಂಪು ಬೇಡವಾಯಿತು. ಮೂಲೆಯಲ್ಲಿ ಕೈಯಲ್ಲಿ ‘ಫ್ರೀ’ ಅಂತ ಬರೆದರೆ ಆಯಿತು. ಶತ್ರುವಿಗೆ ಗೊತ್ತಾಗಬಾರದು ಅಂತ ಠಸ್ಸೆಯಿಂದ ಹಡಗಿನ ಹೆಸರನ್ನೇ ತೆಗೆದರು. ಬರೀ ‘ಯುಎಸ್ ನೇವಿ’. ಪಕ್ಕದಲ್ಲಿ ಸೆನ್ಸಾರ್ ಮುದ್ರೆ, ಆಫೀಸರನ ಸಣ್ಣ ಸಹಿ. ಅಂಥವು 17 ಇವೆ ನನ್ನ ಹತ್ತಿರ. ಯಾವುದಕ್ಕೂ 400ರ ಮೇಲೆ ಕೊಟ್ಟಿಲ್ಲ.

ಹರಿಹರ ಹೊಳೆದಂಡೆ:
‘ಅಮೆರಿಕದ ಕಡೆ ತಲೆ ಹಾಕಬೇಡ’ ಅಂದವರು ನೀವೇ ಅಲ್ವಾ? ಈಗ 17 ಇವೆ ಅಂತೀರಿ.

ಮಂಡಿಪೇಟೆ ಅಣ್ಣ:
ಹೆಸರುವಾಸಿ ಹಡಗಿನ ಹಿಂದೆ ಹೋಗಬೇಡ ಅಂದೆ. ಪೂರ್ತಿ ಓದಿ.

ಜೋಗಿಮಟ್ಟಿ ಟೀಚರ್:
ಚಿತ್ರದುರ್ಗದಿಂದ. ನನ್ನ ಕಥೆ ಕೇಳಿ, ಆಮೇಲೆ ಜಗಳ ಆಡಿ. ನಮ್ಮ ಚಿಕ್ಕಪ್ಪ ಐಎನ್‌ಎಸ್ ಡೆಲ್ಲಿಯಲ್ಲಿದ್ದರು. ಅದು ಮೊದಲು ಅಕಿಲೀಸ್ ಅಂತಿತ್ತು. 1939ರಲ್ಲಿ ದಕ್ಷಿಣ ಅಮೆರಿಕದ ಹತ್ತಿರ ಜರ್ಮನಿಯ ಗ್ರಾಫ್ ಸ್ಪೀ ಜೊತೆ ಕಾದಾಡಿದ ಹಡಗು. ಅವರ ಕಾಗದ ವಾರಕ್ಕೊಂದು ಬರುತ್ತಿತ್ತು. ನಾನಾಗ ಎಂಟನೇ ಕ್ಲಾಸು, ಸ್ಟಾಂಪಿನ ಹುಚ್ಚು. 31 ಕವರ್‌ಗಳನ್ನು ಬೋಗುಣಿಯಲ್ಲಿ ನೆನೆಸಿ ಸ್ಟಾಂಪು ಬಿಡಿಸಿದೆ. ನೀರು ನೀಲಿಯಾಯಿತು. ಅದು ವಿಳಾಸದ ಶಾಯಿ, ಹಡಗಿನ ಹೆಸರಿನ ಶಾಯಿ. ಒದ್ದೆ ಕವರ್‌ಗಳನ್ನು ನಾನೇ ಹಂಡೆ ಒಲೆಗೆ ಹಾಕಿದೆ. ಆ ಸ್ಟಾಂಪುಗಳು ಈಗಲೂ ಇವೆ. ಎಲ್ಲಾದರೂ ಸಿಗುವ ಸ್ಟಾಂಪು. ಯಾವ ಹಡಗಿನಿಂದ ಬಂತು ಅಂತ ಅವು ಹೇಳುತ್ತವಾ?

ಉಳಿದದ್ದು ಆರು. ಅವನ್ನು 2,400 ರೂಪಾಯಿಯ ಪ್ಲಾಸ್ಟಿಕ್ ಆಲ್ಬಮ್ಮಿಗೆ ಹಾಕಿದೆ. ಪಿವಿಸಿ ಹಾಳೆ ಅಂತ ಯಾರೂ ಹೇಳಲಿಲ್ಲ. ನಮ್ಮೂರಿನ ಬಂಡೆ ಕಾದು ಬರುವ ಸೆಕೆ ಗೊತ್ತಲ್ಲ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಾಳೆ ಅಂಟಂಟಾಗಿ ಕವರಿಗೆ ಕಚ್ಚಿಕೊಂಡಿತು. ಬಿಡಿಸುವಾಗ ಎರಡು ಹರಿದವು. ಈಗ ಪಾಲಿಯೆಸ್ಟರ್ ಚೀಲ, ಒಂದಕ್ಕೆ 26 ರೂಪಾಯಿ. ನಾಲ್ಕು ಕವರಿಗೆ ನಾಲ್ಕು ಚೀಲ.

ಹಿರಿಯೂರು ನಾವಿಕ:
ನಾನು ನೌಕಾಪಡೆಯ ವಿಮಾನವಾಹಕ ಹಡಗು ವಿರಾಟ್‌ನಲ್ಲಿ ಇದ್ದವನು. ಹರಿಹರದವರೇ, ಒಂದು ಮಾತು. ಹಡಗಿನ ಮುದ್ರೆ ಕೇಳಿದವರಿಗೆಲ್ಲ ಕೊಡುವ ಸಾಮಾನಲ್ಲ. ಅಲ್ಲಿ ಜನಕ್ಕೆ ಬೇರೆ ಕೆಲಸ ಇದೆ. 39 ಕಾಗದ ಹಾಕಿದ್ದೀರಿ!

ಹಡಗಿನಲ್ಲಿ ಕಾಗದ ಅಂದರೆ ಏನು ಅಂತ ಗೊತ್ತಾ? ಮೂರು ವಾರ ಸಮುದ್ರದಲ್ಲಿದ್ದು ದಡಕ್ಕೆ ಬಂದಾಗ ಫ್ಲೀಟ್ ಮೇಲ್ ಆಫೀಸಿನ ಚೀಲ ಬರುತ್ತಿತ್ತು. ಹೆಸರು ಕೂಗುವಾಗ ಒಬ್ಬರೂ ಮಾತಾಡುತ್ತಿರಲಿಲ್ಲ. ನನ್ನವಳು ಕವರಿನ ಹಿಂದೆ ನಂಬರ್ ಹಾಕುತ್ತಿದ್ದಳು, ಯಾವುದು ಮೊದಲು ಓದಬೇಕು ಅಂತ. 112ರವರೆಗೆ ಬಂದಿತ್ತು. ನಿವೃತ್ತಿ ಆಗಿ ಮನೆ ಬದಲಿಸುವಾಗ ಆ ಟ್ರಂಕನ್ನು ಹಳೇ ಪೇಪರ್ ಜೊತೆ ರದ್ದಿಗೆ ಹಾಕಿಬಿಟ್ಟೆ. ಕೆ.ಜಿ.ಗೆ ನಾಲ್ಕು ರೂಪಾಯಿ. 36 ರೂಪಾಯಿ ಬಂತು. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

2020ರಲ್ಲಿ ವಿರಾಟ್ ಗುಜರಾತಿನ ಅಲಂಗ್‌ಗೆ ಒಡೆಯಲು ಹೋಯಿತು. ಆ ವಾರ ನಾನು ಒಂದು ಕವರ್ ಕೊಂಡೆ. ವಿರಾಟ್ 1987ಕ್ಕೆ ಮುಂಚೆ ಬ್ರಿಟಿಷರ ಹರ್ಮಿಸ್ ಆಗಿದ್ದಾಗಿನದು. ಯಾರೋ ಇಂಗ್ಲಿಷ್ ಹುಡುಗ ಅವನ ತಾಯಿಗೆ ಬರೆದದ್ದು. 1,800 ರೂಪಾಯಿ. ಅದೇ ಹಡಗಿನಿಂದ ಬಂದ ಕಾಗದ, ಅಷ್ಟು ಸಾಕು ನನಗೆ.

ಹರಿಹರ ಹೊಳೆದಂಡೆ:
ನಾವಿಕರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ನಾನು ವಿನಯವಾಗಿ ಕೇಳಿದ್ದೇನೆ, ಅವರು ಇಷ್ಟಪಟ್ಟು ಕೊಟ್ಟಿದ್ದಾರೆ. ಇಲ್ಲ ಅಂದವರಿಗೆ ಎರಡನೇ ಸಲ ಬರೆದಿಲ್ಲ. 112 ಕಾಗದ ರದ್ದಿಗೆ ಹಾಕಿದವರು ನನಗೆ ಬುದ್ಧಿ ಹೇಳುವುದು ಬೇಡ.

ಜೋಗಿಮಟ್ಟಿ ಟೀಚರ್:
ಆ ಮಾತು ವಾಪಸು ತಗೊಳ್ಳಿ. ಅವರು ನೋವು ಹೇಳಿಕೊಂಡರು.

ಹರಿಹರ ಹೊಳೆದಂಡೆ:
ತಗೊಂಡೆ. ತಪ್ಪಾಯಿತು ಸರ್. ಆದರೆ ಖಾಲಿ ಕವರ್ ಅಂದರೆ ನನಗೂ ನೋಯುತ್ತದೆ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಹಳೇ ಯುದ್ಧನೌಕೆ ಐಎನ್‌ಎಸ್ ಚಪಲ್ ನೋಡಲು ಡಿಸೆಂಬರ್ 4ಕ್ಕೆ, ನೌಕಾಪಡೆ ದಿನದಂದು, ಬಸ್ಸಿನಲ್ಲಿ ರಾತ್ರಿಯಿಡೀ ಹೋದೆ. ಹಡಗಿನ ಪಕ್ಕ ಕೂತು ನನಗೇ ಕಾರ್ಡು ಬರೆದು ಅಲ್ಲೇ ಪೋಸ್ಟ್ ಮಾಡಿದೆ. ಅದು ನನ್ನ ಸಂಗ್ರಹದ ಮೊದಲ ಹಾಳೆ.

ಮಂಡಿಪೇಟೆ ಅಣ್ಣ:
ಅದು ಕಾರವಾರ ಪೇಟೆಯ ಠಸ್ಸೆ. ಹಡಗಿನದ್ದಲ್ಲ. ಪ್ರದರ್ಶನಕ್ಕೆ ಇಟ್ಟರೆ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಾರೆ.

ಹರಿಹರ ಹೊಳೆದಂಡೆ:
ಪ್ರದರ್ಶನಕ್ಕೆ ಯಾರು ಇಡುತ್ತಾರೆ? ಹಾಗಾದರೆ ತಮ್ಮನ 43 ಕವರೂ ಬಾಂಬೆ ಠಸ್ಸೆಯವೇ. ಅವೂ ಹಡಗಿನವಲ್ಲವಾ?

ನಿಟ್ಟುವಳ್ಳಿ ತಮ್ಮ:
ಜಗಳ ಬೇಡ, ದಯವಿಟ್ಟು. ಇವತ್ತು ರಾತ್ರಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದೆ. ಒಂದರ ಮೇಲೆ 27 ಡಿಸೆಂಬರ್ 1961 ಇದೆ. ಒಳಗೆ ಎಂಟೇ ಸಾಲು. ‘ನಾನು ಆರಾಮ ಇದ್ದೇನೆ. ಪೇಪರಿನಲ್ಲಿ ಬಂದದ್ದು ನೋಡಿ ಅವ್ವ ಹೆದರಬಾರದು. ಎಮ್ಮೆ ಕರು ಹಾಕಿತಾ?’ ಅಂತ. ಪೇಪರಿನಲ್ಲಿ ಏನು ಬಂದಿತ್ತು?

ಹಿರಿಯೂರು ನಾವಿಕ:
ತಮ್ಮಾ, ಅದು ಗೋವಾ ವಿಮೋಚನೆಯ ಸುದ್ದಿ. 1961ರ ಡಿಸೆಂಬರ್ 18ಕ್ಕೆ ನಮ್ಮವರು ಅಂಜುದೀವ್‌ನಲ್ಲಿ ಇಳಿದರು. ಕಾರವಾರದ ಹತ್ತಿರವೇ ಇರುವ ದ್ವೀಪ, ಆಗ ಪೋರ್ಚುಗೀಸರ ಕೈಯಲ್ಲಿತ್ತು. ಹೋದ ಹಡಗುಗಳು ಮೈಸೂರು ಮತ್ತು ತ್ರಿಶೂಲ್. ಅಲ್ಲಿ ನಮ್ಮ ಏಳು ಜನ ಸತ್ತರು. ಒಂಬತ್ತು ದಿನ ಆದ ಮೇಲೆ ನಿಮ್ಮ ದೊಡ್ಡಜ್ಜ ಎಮ್ಮೆ ಕರು ಹಾಕಿತಾ ಅಂತ ಕೇಳಿದ್ದಾರೆ. ಸಮುದ್ರದಲ್ಲಿದ್ದಾಗ ನಾವೂ ಅದನ್ನೇ ಕೇಳುತ್ತಿದ್ದೆವು.

ಮಂಡಿಪೇಟೆ ಅಣ್ಣ:
ತಾರೀಖು ಪೂರ್ತಿ ಓದಲು ಬರುತ್ತದಾ? ಠಸ್ಸೆಯ ಉಂಗುರ ಪೂರ್ತಿ ಬಿದ್ದಿದೆಯಾ, ಅರ್ಧವಾ? ಪೂರ್ತಿ ಬಿದ್ದಿದ್ದರೆ ಆ ಒಂದಕ್ಕೆ ನಾನೇ 5,000 ಕೊಡುತ್ತೇನೆ.

ಜೋಗಿಮಟ್ಟಿ ಟೀಚರ್:
ಮಂಡಿಪೇಟೆಯವರೇ, ಮಗು ಇನ್ನೂ ಓದುತ್ತಿದೆ, ನೀವಾಗಲೇ ರೇಟು ಕಟ್ಟಿದಿರಿ. ತಮ್ಮಾ, ಕಂದು ಕಲೆಗೆ ನೀರು, ರಬ್ಬರು, ಟೇಪು ಯಾವುದೂ ಮುಟ್ಟಿಸಬೇಡ. ಕಾಗದ ಹೊರಗೆ ತೆಗೆದಾಗ ಅದು ಯಾವ ಕವರಿನದು ಅಂತ ಬೇರೆ ಚೀಟಿಯಲ್ಲಿ ಬರೆದಿಡು, ಅದಲು ಬದಲಾದರೆ ಮುಗಿಯಿತು.

ಮಂಡಿಪೇಟೆ ಅಣ್ಣ:
ಕೇಳಿದ್ದು ತಪ್ಪಾ ಟೀಚರ್? ನನ್ನ ಹತ್ತಿರ ಇದ್ದರೆ ಚೀಲದಲ್ಲಿ ಭದ್ರ ಇರುತ್ತದೆ. 36 ರೂಪಾಯಿಗೆ ಹೋಗುವುದಿಲ್ಲ.

ಹಿರಿಯೂರು ನಾವಿಕ:
ಈ ಸಲ ನೀವು ಅಂದಿರಾ? ಇರಲಿ. ತಮ್ಮಾ, ಕೊಡಬೇಡ. ಭಾನುವಾರ ನಾನು ದಾವಣಗೆರೆಗೆ ಬರುತ್ತೇನೆ, ಬೆಳಗ್ಗೆ ಹತ್ತಕ್ಕೆ. ಆ ಎಂಟು ಸಾಲು ಕೈಯಲ್ಲಿ ಹಿಡಿದು ಓದಬೇಕು. ನನ್ನ ಹರ್ಮಿಸ್ ಕವರೂ ತರುತ್ತೇನೆ. ನಿಮ್ಮ ಮನೆ ನಿಟ್ಟುವಳ್ಳಿಯಲ್ಲಿ ಎಲ್ಲಿ ಅಂತ ಇಲ್ಲಿ ಹಾಕಬೇಡ, ನನಗೆ ಬೇರೆಯಾಗಿ ಬರೆ.