ಪದಚರ್ಚೆ: ಹೊಲಿಗೆ ಮಾಯುತ್ತದೆಯೇ, ಗಾಯ ಮಾಯುತ್ತದೆಯೇ?

ತೊಡೆಸಂದಿನ ಹರ್ನಿಯಾಕ್ಕೆ (ಹೊಟ್ಟೆಗೋಡೆಯ ತೂತಿನಿಂದ ಒಳಗಿನದು ಹೊರಚಾಚುವ ತೊಂದರೆ) ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಿಗೆ ಕೊಡುವ ಕನ್ನಡ ಹಾಳೆಗೆ ಸರಿಯಾದ ಕ್ರಿಯಾಪದಗಳು ಬೇಕಾಗಿವೆ. ‘ತೂತನ್ನು ಹೊಲಿದಿದೆ, ಹೊಲಿಗೆ ಮಾಯುವವರೆಗೆ ಭಾರ ಎತ್ತಬೇಡಿ’ ಎಂಬ ವಾಕ್ಯ ಓದಲು ಸಲೀಸು, ಆದರೆ ಎರಡು ಕಡೆ ತಪ್ಪು. ಮಾಯುವುದು ಗಾಯ, ಹೊಲಿಗೆ ಕರಗುತ್ತದೆ, ಇಲ್ಲವೇ ಅದನ್ನು ಬಿಚ್ಚಬೇಕು. ಇನ್ನು ದೊಡ್ಡವರಲ್ಲಿ ಆ ತೂತನ್ನು ಸಾಮಾನ್ಯವಾಗಿ ಹೊಲಿಯುವುದೇ ಇಲ್ಲ.

ಹೊಟ್ಟೆಯೊಳಗೆ ಹೊಕ್ಕು ಮಾಡುವ ಟ್ಯಾಪ್ (TAPP) ವಿಧಾನದಲ್ಲಿ ತೂತಿಗಿಂತ 3–4 ಸೆಂ.ಮೀ. ಮೇಲೆ ಉದರಪೊರೆಯನ್ನು (ಹೊಟ್ಟೆಯ ಒಳಮೈಯ ತೆಳು ಪೊರೆ) ಅಡ್ಡಕ್ಕೆ ಕೊಯ್ದು ಕೆಳಮುಖವಾಗಿ ಬಿಡಿಸುತ್ತಾರೆ. ಹರ್ನಿಯಾ ಚೀಲವನ್ನು ಒಳಗೆಳೆದು, ಕನಿಷ್ಠ 10×15 ಸೆಂ.ಮೀ. ಮೆಶ್ (ಜಾಲರಿ) ಹಾಸಿ, ಬಿಡಿಸಿದ ಪೊರೆಯನ್ನು ಅದರ ಮೇಲೆ ಹೊದಿಸಿ ಹೊಲಿಯುತ್ತಾರೆ. ಹಾಗಾಗಿ ತೂತಿಗೆ ‘ಮುಚ್ಚು’, ಪೊರೆಗೆ ‘ಹೊಲಿ’. ಬಿಡಿಸಿದ ಈ ಫ್ಲ್ಯಾಪ್‌ಗೆ ‘ಸೆರಗು’ ಎನ್ನಬಹುದೆಂದು ನನ್ನ ಎಣಿಕೆ: ಒಂದು ಬದಿ ಅಂಗಕ್ಕೆ ಹತ್ತಿಕೊಂಡೇ ಇದ್ದು, ಇನ್ನೊಂದು ಬದಿ ಎಳೆದು ಹೊದೆಯಲು ಸಿಗುತ್ತದೆ. ಪೊರೆಯ ಹೊರಗಿನಿಂದಲೇ ಮಾಡುವ ಟೆಪ್ (TEP) ವಿಧಾನದಲ್ಲಿ ಅದನ್ನು ಕೊಯ್ಯುವುದಿಲ್ಲ, ಆದ್ದರಿಂದ ಈ ಮಾತು ಅಲ್ಲಿಗೆ ಬೇಡ.

ಪೊರೆಗೆ ಒಂದೇ ದಾರದಲ್ಲಿ ಬಿಡದೆ ಹಾಕುವ ‘ರನ್ನಿಂಗ್ ಸೂಚರ್’ ಅನ್ನು ‘ಓಡುಹೊಲಿಗೆ’ ಎಂದರೆ ದರ್ಜಿಗಳಿಗೆ ಬೇರೆಯೇ ಅರ್ಥ ಬರುತ್ತದೆ. ಅವರ ಓಡುಹೊಲಿಗೆಯಲ್ಲಿ ಸೂಜಿ ಬಟ್ಟೆಯ ಮೇಲೆ ಕೆಳಗೆ ಹಾಯುತ್ತ ಹೋಗುತ್ತದೆ. ಇಲ್ಲಿ ದಾರ ಎರಡು ಅಂಚುಗಳನ್ನೂ ಸುತ್ತುತ್ತ ಸಾಗುತ್ತದೆ. ‘ಸುತ್ತುಹೊಲಿಗೆ’ ವಾಸಿ. ದಾರದ ದಪ್ಪದ ಅಳತೆ 2-0 ಅಥವಾ 3-0, ಕರಗುವಂಥದ್ದು. ಹೊಲಿಯುವಾಗ ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಗ್ಯಾಸಿನ ಒತ್ತಡವನ್ನು 8–10 ಮಿ.ಮೀ. ಪಾದರಸಕ್ಕೆ ಇಳಿಸಿದರೆ ಅಂಚುಗಳು ಜಗ್ಗಾಟವಿಲ್ಲದೆ ಸೇರುತ್ತವೆ. ಸಂದು ಬಿಟ್ಟರೆ ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳಬಹುದು. ಅತಿಯಾಗಿ ಬಿಗಿದರೆ ಅಂಚಿಗೆ ರಕ್ತ ಸಾಲದು. ಮೈಗೆ ಸಣ್ಣ ಮುಳ್ಳುಗಳಿರುವ ದಾರಕ್ಕೆ, ಅಂದರೆ ಬಾರ್ಬ್ಡ್ ಸೂಚರ್‌ಗೆ, ‘ಮುಳ್ಳುದಾರ’ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಹೆಸರೇ ಅದರ ಅಪಾಯವನ್ನೂ ಹೇಳುತ್ತದೆ. ಗಂಟು ಬೇಡ ನಿಜ, ಆದರೆ ತುದಿ ಉದ್ದಕ್ಕೆ ಉಳಿದರೆ ಕರುಳನ್ನು ಹಿಡಿಯುತ್ತದೆ. ಅದನ್ನು ಗಿಡ್ಡಗೆ ಕತ್ತರಿಸಿ ಪೊರೆಯಡಿ ಸೇರಿಸಬೇಕು.

ಈಗ ‘ಮಾಯು’. ಹೊಲಿದ ಚರ್ಮದ ಗಾಯ ಅಂಚಿನಿಂದ ಅಂಚಿಗೆ ಕೂಡಿಕೊಳ್ಳುತ್ತದೆ, ಅಲ್ಲಿ ಈ ಪದ ಸಹಜ. ಉದರಪೊರೆಯ ಗಾಯದ ಮೇಲೆ ಹೊಸ ಕೋಶಗಳು ಅಂಚಿನಿಂದಷ್ಟೇ ಬಾರದೆ ಅದರ ಇಡೀ ಮೇಲ್ಮೈಯಲ್ಲಿ ಏಕಕಾಲಕ್ಕೆ ನೆಲೆಯೂರುತ್ತವೆ. ಚಿಕ್ಕ ಗಾಯಕ್ಕೂ ದೊಡ್ಡದಕ್ಕೂ ಹೆಚ್ಚುಕಡಿಮೆ ಒಂದೇ ಅವಧಿ, 5–8 ದಿನ. ಇದಕ್ಕೆ ‘ಪೊರೆಕಟ್ಟು’ ಸೂಕ್ತ. ಮೆಶ್‌ನ ಕಣ್ಣುಗಳೊಳಗೆ ಕೊಲ್ಲಾಜನ್ ನಾರು ಬೆಳೆದು ಹಿಡಿಯುವುದಕ್ಕೆ ‘ಬೆಸೆದುಕೊಳ್ಳು’. ಅಲ್ಲಿ ‘ಅಂಟಿಕೊಳ್ಳು’ ಖಂಡಿತ ಬೇಡ. ಕರುಳು ಮೆಶ್‌ಗೆ ಹತ್ತಿಕೊಳ್ಳುವ ತೊಂದರೆಗೆ ಆ ಪದವನ್ನು ಮೀಸಲಿಡಬೇಕು.

‘ಕರಗು’ ಕೂಡ ಒಂದೇ ಸಾಲದು. ಪಾಲಿಗ್ಲಾಕ್ಟಿನ್ 910 ಎಂಬ ಕರಗುವ ದಾರದ ಬಲ 3 ವಾರಕ್ಕೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ದಾರ ಪೂರ್ತಿ ಕರಗುವುದು 56–70 ದಿನಕ್ಕೆ. ಮೊದಲನೆಯದು ‘ಬಲಗುಂದು’, ಎರಡನೆಯದು ‘ಕರಗು’.

ಹರ್ನಿಯಾಕ್ಕೆ ಬಳಸುವ ‘ಅಂಡವಾಯು’ ಪದವನ್ನು ಅಂಡಚೀಲದಲ್ಲಿ ನೀರು ತುಂಬುವ ಹೈಡ್ರೋಸೀಲ್‌ಗೂ ಆಡುವುದರಿಂದ ‘ಹರ್ನಿಯಾ’ವನ್ನೇ ಉಳಿಸಿದ್ದೇನೆ. ನಿಮ್ಮ ಕಡೆ ‘ಗಾಯ ಒಣಗಿತು’ ಎಂದರೆ ಮೇಲ್ಮೈ ಒಣಗಿದ್ದಷ್ಟೆಯೋ, ಒಳಗೂ ಕೂಡಿದೆ ಎಂದೋ? ಹಾಳೆಯ ಕೊನೆಯ ವಾಕ್ಯ ಈ ಉತ್ತರಕ್ಕಾಗಿ ನಿಂತಿದೆ.