ರೇಡ್ 5: ರೀಬಿಲ್ಡ್ ಮಧ್ಯೆ ಎರಡನೇ ಡಿಸ್ಕೂ ಹೊರಬಿತ್ತು, ಡೇಟಾ ಸಿಗುತ್ತಾ?

ಪ್ರಶ್ನೆ:
ಲಿನಕ್ಸ್, ಎಂಡಿ-ಆಡಮ್‌ನಲ್ಲಿ (ರೇಡ್ ನಡೆಸುವ ಟೂಲ್) ಮಾಡಿದ ರೇಡ್ 5 (ಹಲವು ಡಿಸ್ಕ್ ಒಂದಾಗಿ ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಸುವ ವ್ಯವಸ್ಥೆ), ನಾಲ್ಕು ಡಿಸ್ಕ್, ಮೇಲೆ ಎಕ್ಸ್‌ಟಿ4 ಫೈಲ್‌ಸಿಸ್ಟಮ್. ಒಂದು ಡಿಸ್ಕ್ ಕೆಟ್ಟಿತ್ತು, ಹೊಸದು ಹಾಕಿ ರೀಬಿಲ್ಡ್‌ಗೆ (ಉಳಿದ ಡಿಸ್ಕ್‌ಗಳಿಂದ ಡೇಟಾ ಮತ್ತೆ ಕಟ್ಟುವುದು) ಬಿಟ್ಟಿದ್ದೆ. ಅರ್ಧದಲ್ಲಿ ಎಸ್‌ಡಿಡಿ ಅನ್ನೋ ಇನ್ನೊಂದು ಡಿಸ್ಕ್ ಕೂಡ ಫೇಲ್ ಅಂತ ಬಂತು. ಈಗ ಅರೇ (ಈ ಡಿಸ್ಕ್‌ಗಳ ಗುಂಪು) ಮೇಲೇಳುತ್ತಿಲ್ಲ. ಕ್ರಿಯೇಟ್ ಕಮಾಂಡನ್ನೇ ಇನ್ನೊಂದು ಸಲ ಕೊಡು, ಸರಿಹೋಗುತ್ತೆ ಅಂತ ಗೆಳೆಯ ಹೇಳುತ್ತಿದ್ದಾನೆ. ಕೊಡಲಾ?

ಉತ್ತರ:
ಬೇಡವೇ ಬೇಡ ಸರ್. ಕ್ರಿಯೇಟ್ ಕೊಟ್ಟರೆ ಈಗಿರುವ ಸೂಪರ್‌ಬ್ಲಾಕ್ (ಪ್ರತಿ ಡಿಸ್ಕಿನಲ್ಲಿ ಅರೇಯ ವಿವರ ಇರುವ ಜಾಗ) ಮೇಲೆ ಹೊಸದು ಬರೆದುಬಿಡುತ್ತೆ. ಡಿಸ್ಕ್‌ಗಳ ಕ್ರಮ, ಚಂಕ್ ಸೈಜ್ (ಡಿಸ್ಕ್‌ಗಳಿಗೆ ಹಂಚುವ ಡೇಟಾ ತುಂಡಿನ ಅಳತೆ), ಡೇಟಾ ಆಫ್‌ಸೆಟ್ (ಡಿಸ್ಕಿನಲ್ಲಿ ಡೇಟಾ ಶುರುವಾಗುವ ಜಾಗ), ಇದರಲ್ಲಿ ಒಂದು ತಪ್ಪಿದರೂ ಕಥೆ ಮುಗಿಯಿತು. ಚಂಕ್ ಹಳೇ ವರ್ಷನ್‌ಗಳಲ್ಲಿ 64 ಕೆಬಿ ಇತ್ತು, ಈಗ ತಾನಾಗಿ 512 ತಗೊಳ್ಳುತ್ತೆ. ಸಾಲದ್ದಕ್ಕೆ ಹೊಸ ರೇಡ್ 5 ಅಂದುಕೊಂಡು ಕೊನೆಯ ಡಿಸ್ಕಿನ ಮೇಲೆ ರೀಬಿಲ್ಡ್ ಕೂಡ ಶುರು ಮಾಡುತ್ತೆ.

ಎಂಡಿ-ಆಡಮ್‌ನ ಎಕ್ಸಾಮಿನ್ ಮಾತ್ರ ಓಡಿಸಿ. ಅದು ಬರೀ ಓದುತ್ತೆ. ಪ್ರತಿ ಡಿಸ್ಕಿನ 'ಇವೆಂಟ್ಸ್' (ಅರೇಯ ಬದಲಾವಣೆಗಳ ಎಣಿಕೆ) ಸಾಲು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಎಸ್‌ಡಿಬಿ, ಎಸ್‌ಡಿಸಿ ಎರಡೂ 48213. ಎಸ್‌ಡಿಡಿ 48207. ಮೊದಲು ಕೆಟ್ಟಿದ್ದ ಹಳೇ ಡಿಸ್ಕ್ 31950.

ಉತ್ತರ:
ಒಳ್ಳೇ ಸುದ್ದಿ. ಎಸ್‌ಡಿಡಿ ಆರೇ ಇವೆಂಟ್ ಹಿಂದಿದೆ, ಅಂದರೆ ಅದು ಬಿದ್ದ ಮೇಲೆ ಅರೇಯಲ್ಲಿ ಹೆಚ್ಚೇನೂ ಬರೆದಿಲ್ಲ. 31950 ಇರುವುದು ತುಂಬಾ ಹಳತು, ಅದನ್ನು ಸೇರಿಸಬೇಡಿ. ಅರ್ಧ ರೀಬಿಲ್ಡ್ ಆದ ಹೊಸ ಡಿಸ್ಕನ್ನೂ ಬಿಚ್ಚಿಡಿ. ಉಳಿದ ಮೂರು ಸಾಕು.

ಮೊದಲು ಎಸ್‌ಡಿಡಿಯನ್ನು ಬೇರೊಂದು ಖಾಲಿ ಡಿಸ್ಕಿಗೆ ಡಿಡಿ-ರೆಸ್ಕ್ಯೂನಲ್ಲಿ (ಕೆಟ್ಟ ಡಿಸ್ಕಿಂದ ಆದಷ್ಟು ಓದಿ ತೆಗೆಯುವ ಟೂಲ್) ಕಾಪಿ ಮಾಡಿ. ಮ್ಯಾಪ್ ಫೈಲ್ ಮರೆಯಬೇಡಿ, ಅದಿಲ್ಲದಿದ್ದರೆ ಮಧ್ಯೆ ನಿಂತಾಗ ಮತ್ತೆ ಮೊದಲಿಂದ ಶುರು. ಕಾಪಿ ಮುಗಿದ ಮೇಲೆ ಮೂಲ ಎಸ್‌ಡಿಡಿ ತೆಗೆದಿಡಿ, ಕಾಪಿ ಹಾಕಿ, ಅಸೆಂಬಲ್ (ಇರುವ ಡಿಸ್ಕ್‌ಗಳಿಂದ ಅರೇ ಜೋಡಿಸುವ ಕಮಾಂಡ್) ಜೊತೆ ಫೋರ್ಸ್ ಕೊಡಿ. ಫೋರ್ಸ್ ಕೂಡ ಸೂಪರ್‌ಬ್ಲಾಕ್ ತಿದ್ದುತ್ತೆ, ಆದ್ದರಿಂದ ಜಾಗ ಇದ್ದರೆ ಮೂರೂ ಡಿಸ್ಕಿನ ಮೇಲೆ ಓವರ್‌ಲೇ (ಬರೆಯುವುದೆಲ್ಲ ಡಿಸ್ಕಿಗೆ ಹೋಗದೆ ಬೇರೆ ಕಡೆ ಹೋಗುವ ಪದರ) ಹಾಕಿಕೊಂಡು ಮಾಡುವುದು ಜಾಸ್ತಿ ಕ್ಷೇಮ.

ಮೌಂಟ್ ಮಾಡುವಾಗ ರೀಡ್-ಓನ್ಲಿ ಒಂದೇ ಸಾಲದು. ಎಕ್ಸ್‌ಟಿ4 ಆಗಲೂ ಜರ್ನಲ್ (ಬಾಕಿ ಬರಹಗಳ ದಾಖಲೆ) ಓಡಿಸಿ ಡಿಸ್ಕಿಗೆ ಬರೆಯುತ್ತೆ. ಜೊತೆಗೆ 'ನೋಲೋಡ್' ಕೊಡಿ.

ಪ್ರಶ್ನೆ ಕೇಳಿದವರು:
ಬಂತು! ಫೋಲ್ಡರ್‌ಗಳೆಲ್ಲ ಕಾಣಿಸುತ್ತಿವೆ, ಹೊರಗಿನ ಡಿಸ್ಕಿಗೆ ಕಾಪಿ ನಡೆಯುತ್ತಿದೆ. ಡಿಡಿ-ರೆಸ್ಕ್ಯೂ ಮಾತ್ರ ಕೆಲವು ಸೆಕ್ಟರ್ ಓದಲಿಲ್ಲ. ಸ್ಮಾರ್ಟ್ (ಡಿಸ್ಕಿನ ಆರೋಗ್ಯ ವರದಿ) ನೋಡಿದರೆ 'ಪಾಸ್ಡ್' ಅಂತಲೇ ಇದೆ. ಮತ್ತೆ ಡಿಸ್ಕ್ ಬಿದ್ದಿದ್ದು ಯಾಕೆ?

ಉತ್ತರ:
ಆ 'ಪಾಸ್ಡ್' ನಂಬಬೇಡಿ. ಕೆಳಗೆ 197 ನಂಬರಿನ ಸಾಲು, ಪೆಂಡಿಂಗ್ ಸೆಕ್ಟರ್ (ಓದಲಾಗದೆ ಬಾಕಿ ಇರುವ ಸೆಕ್ಟರ್‌ಗಳು), ಸೊನ್ನೆ ಇದೆಯಾ ನೋಡಿ. ಡೆಸ್ಕ್‌ಟಾಪ್ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಸಿಕ್ಕರೆ ನಿಮಿಷಗಟ್ಟಲೆ ಒದ್ದಾಡಬಹುದು. ಕರ್ನಲ್ ಕಾಯುವುದು 30 ಸೆಕೆಂಡ್. ಆಮೇಲೆ ರಿಸೆಟ್, ಅರೇಯಿಂದ ಗೇಟ್‌ಪಾಸ್. ಡಿಸ್ಕ್ ಒಪ್ಪಿದರೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ-ಇಆರ್‌ಸಿ (ಕೆಟ್ಟ ಸೆಕ್ಟರ್‌ಗೆ ಡಿಸ್ಕ್ ಒದ್ದಾಡುವ ಸಮಯದ ಮಿತಿ) 70ಕ್ಕೆ ಇಡಿ, ಅಂದರೆ 7 ಸೆಕೆಂಡ್. ಒಪ್ಪದಿದ್ದರೆ ಕರ್ನಲ್ ಟೈಮ್‌ಔಟನ್ನೇ 180 ಸೆಕೆಂಡ್ ಮಾಡಿ. ಈ ಎರಡು ಸೆಟ್ಟಿಂಗೂ ರೀಬೂಟ್ ಆದರೆ ಅಳಿಸಿಹೋಗಬಹುದು, ಬೂಟ್ ಸ್ಕ್ರಿಪ್ಟಿಗೆ ಸೇರಿಸಿ.

ಇನ್ನೊಂದು. ಓದಲಾಗದ ಸೆಕ್ಟರ್ ಇದ್ದ ಜಾಗದಲ್ಲಿ ಕಾಪಿ ಯಾವ ಎರರ್ ಕೂಡ ಕೊಡುವುದಿಲ್ಲ, ಸುಮ್ನೆ ತಪ್ಪು ಡೇಟಾ ಬರುತ್ತೆ. ಹಳೇ ಚೆಕ್‌ಸಮ್ ಇದ್ದರೆ ಹೋಲಿಸಿ. ಇಲ್ಲದಿದ್ದರೆ ದೊಡ್ಡ ಫೈಲ್‌ಗಳನ್ನಾದರೂ ತೆರೆದು ನೋಡಿ. ಅಲ್ಲಿಯವರೆಗೆ ಮೂಲ ಎಸ್‌ಡಿಡಿಯನ್ನು ಫಾರ್ಮ್ಯಾಟ್ ಮಾಡಬೇಡಿ.